ಲೈನಕ್ಕನ ಮೂರು ಸಾಲು

ಕಚೇರಿಯವರೆಲ್ಲ ಅವಳನ್ನು ಲೈನಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. "ಲೈನ್ ಹೋಯ್ತು ಅಕ್ಕಾ!" ಎಂದು ಮೂರು ಮಹಡಿಯ ಜನ ದಿನಕ್ಕೆ ಹತ್ತು ಸಲ ಕೂಗಿದರೆ ಯಾವ ಹೆಸರು ತಾನೇ ತಡೆದೀತು? ಲೈನ್ ಇದ್ದಾಗ ಅವಳು ಎಲ್ಲಿದ್ದಾಳೆ ಎಂದು ಕೇಳಿದವರಿಲ್ಲ. ಲೈನ್ ಹೋದ ಗಳಿಗೆಯಲ್ಲಿ ಅವಳು ಊಟಕ್ಕೆ ಕೂತಿದ್ದರೂ ತಪ್ಪು, ಮೆಟ್ಟಿಲ ಮೇಲಿದ್ದರೂ ತಪ್ಪು. ಉಪ್ಪಿನ ನೆನಪಾಗುವುದು ಅಡುಗೆಯಲ್ಲಿ ಅದು ಇಲ್ಲದಾಗಲೇ. ಕಚೇರಿಗಳಿಗೆ ಅಂಟಿದ ಹಳೆಯ ರೋಗ ಇದು, ಮದ್ದಿಲ್ಲ.

ಅವಳು ಅಲ್ಲಿಗೆ ಸೇರಿದ್ದು ಇಪ್ಪತ್ತಾರು ವರ್ಷದ ಹಿಂದೆ, ಟೆಲಿಫೋನ್ ಆಪರೇಟರ್ ಆಗಿ. ಕೆಳಮಹಡಿಯ ಗಾಜಿನ ಗೂಡಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಒಳಗಿನವರಿಗೂ ಹೊರಗಿನವರಿಗೂ ಲೈನ್ ಕೊಡುವ ಕೆಲಸ. "ಹಲೋ" ಎಂಬ ಎರಡು ಅಕ್ಷರದಲ್ಲೇ ಆಚೆ ಇರುವವರು ಯಾರು, ಸಿಟ್ಟಿನಲ್ಲಿದ್ದಾರೋ ಸಮಾಧಾನದಲ್ಲಿದ್ದಾರೋ, ಸುಳ್ಳು ಹೇಳಲು ಸಿದ್ಧರಾಗಿದ್ದಾರೋ ಎಂದು ಹೇಳಿಬಿಡುತ್ತಿದ್ದಳು. ಆಮೇಲೆ ಎಲ್ಲರ ಮೇಜಿಗೂ ಬೇರೆ ಬೇರೆ ಫೋನು ಬಂದವು, ಗಾಜಿನ ಗೂಡು ಖಾಲಿಯಾಯಿತು. ಉಳಿದಿಬ್ಬರು ಆಪರೇಟರುಗಳು ಮನೆಗೆ ಹೋದರು. ಇವಳು ಹೋಗಲಿಲ್ಲ. ಕಂಪ್ಯೂಟರ್ ತಂತಿ ಎಳೆಯಲು ಬಂದವರ ಹಿಂದೆ ಮೂರು ತಿಂಗಳು ಏಣಿ ಹಿಡಿದುಕೊಂಡು ತಿರುಗಿ, ಕೇಳಬಾರದ ಪ್ರಶ್ನೆಗಳನ್ನೆಲ್ಲ ಕೇಳಿ, ಅವರು ಹೋಗುವ ಹೊತ್ತಿಗೆ ಅವರಿಗಿಂತ ಚೆನ್ನಾಗಿ ತಂತಿ ಎಳೆಯುತ್ತಿದ್ದಳು.

"ಮೊದ್ಲು ಮಾತಿಗೆ ಲೈನ್ ಕೊಡ್ತಿದ್ದೆ, ಈಗ ಪರದೆಗೆ ಕೊಡ್ತೀನಿ, ಅಷ್ಟೇ ವ್ಯತ್ಯಾಸ" ಎಂದು ಮನೆಯಲ್ಲಿ ಹೇಳಿದಾಗ ಅವಳ ಅತ್ತೆ, "ಒಟ್ನಲ್ಲಿ ಊರವರ ಗಂಟು ಬಿಡಿಸೋ ಕೆಲ್ಸ. ಮನೆ ದಾರದುಂಡೆ ಗಂಟಾಗಿ ವಾರ ಆಯ್ತು, ಅದನ್ಯಾರು ಬಿಡಿಸ್ತಾರೆ?" ಎಂದಿದ್ದರು. ಗಂಡನದು ಗಡಿಯಾರ ರಿಪೇರಿ ಅಂಗಡಿ. ಆತ ಮಾತಾಡುವುದೇ ಕಡಿಮೆ. ಬಿಚ್ಚಿದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಲೈನಕ್ಕ ಗಂಡನಿಂದ ಕಲಿತ ವಿದ್ಯೆ ಅದೊಂದೇ, ಆದರೆ ಅದೊಂದು ಸಾಕಾಯಿತು.

ಮನೆಯಲ್ಲಿ ಕೂತು ಕಚೇರಿಯ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಗೆ ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಯಂತ್ರ ಅಲ್ಲಿ, ಮನುಷ್ಯ ಇಲ್ಲಿ. ಅಲ್ಲಿನ ಪರದೆ ಇಲ್ಲಿಗೆ ಬರುತ್ತದೆ, ಇಲ್ಲಿನ ಬೆರಳು ಅಲ್ಲಿ ಕೆಲಸ ಮಾಡುತ್ತದೆ. ಅದು ಆ ಕಚೇರಿಗೆ ಬಂದ ಮೊದಲ ವರ್ಷದಲ್ಲೇ ಲೈನಕ್ಕ ಒಂದು ಘನಕಾರ್ಯ ಮಾಡಿದಳು. ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಶಾಖೆಯ ಕಂಪ್ಯೂಟರನ್ನು ಇಲ್ಲಿಂದಲೇ ಸರಿಮಾಡುತ್ತಿದ್ದವಳು, ಅದರ ನೆಟ್‌ವರ್ಕನ್ನು ಒಮ್ಮೆ ಆರಿಸಿ ಮತ್ತೆ ಹಚ್ಚೋಣ ಎಂದುಕೊಂಡಳು. ಆರಿಸಿದಳು. ಪರದೆ ಕಲ್ಲಾಯಿತು. ಹಚ್ಚುವ ಗುಂಡಿ ಆಚೆ ಉಳಿದಿತ್ತು, ಅಲ್ಲಿಗೆ ಹೋಗುವ ದಾರಿಯನ್ನೇ ಅವಳು ಆರಿಸಿದ್ದಳು! ಕೂತ ಕೊಂಬೆಯನ್ನೇ ಕಡಿಯುವುದು ಎನ್ನುತ್ತಾರಲ್ಲ, ಅದನ್ನು ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಿರಲಾರರು. ಅಂದು ಶಾಖೆಗೆ ರಜೆ. ನಾಲ್ಕು ಗಂಟೆ ಬಸ್ಸಿನಲ್ಲಿ ಹೋಗಿ, ಕಾವಲುಗಾರನಿಂದ ಬಾಗಿಲು ತೆಗೆಸಿ, ಗುಂಡಿಯನ್ನು ಒಂದೇ ಒಂದು ಸಲ ಒತ್ತಿ, ಮತ್ತೆ ನಾಲ್ಕು ಗಂಟೆ ಬಸ್ಸಿನಲ್ಲಿ ಬಂದಳು.

ಆ ಕಾವಲುಗಾರ ಅವಳಿಗಾಗಿ ಕಾದು ಕಾದು ಊಟ ತಪ್ಪಿಸಿಕೊಂಡಿದ್ದ. ಅದು ಅವಳನ್ನು ಚುಚ್ಚಿತು. ಹೊರಡುವ ಮುಂಚೆ ಒಂದು ಉದ್ದನೆಯ ಪುಸ್ತಕ ಕೊಂಡು, ಮೊದಲ ಪುಟದಲ್ಲಿ ಮೂರು ಸಾಲು ಬರೆದಳು: ನಾನು ಮಾಡಿದ್ದು ಏನು, ಅದರಿಂದ ಆದದ್ದು ಏನು, ಇನ್ನು ಮುಂದೆ ಏನು ಮಾಡುತ್ತೇನೆ. ಅದರ ಕೆಳಗೆ ಕಾವಲುಗಾರನ ಕೈಯಿಂದಲೇ "ಲೈನ್ ಸರಿಹೋಯ್ತು" ಎಂದು ಬರೆಸಿ ಸಹಿ ಹಾಕಿಸಿಕೊಂಡಳು. ಕಚೇರಿಯ ಕಟ್ಟಳೆ ಹುಟ್ಟಿದ್ದು ಹಾಗೆ. ತಪ್ಪು ಮಾಡಿದವರು ಸ್ವಂತ ಕೈಯಿಂದ ಮೂರು ಸಾಲು ಬರೆಯಬೇಕು, ತಪ್ಪಿನಿಂದ ತೊಂದರೆ ಪಟ್ಟವರು ಕೆಳಗೆ ನಾಲ್ಕನೆಯ ಸಾಲು ಬರೆಯಬೇಕು. ನಾಲ್ಕನೆಯ ಸಾಲು ಬೀಳುವವರೆಗೆ ಆ ಪುಟ ಮುಗಿದ ಹಾಗಲ್ಲ.

ಕುಡಿಯುವ ನೀರಿನ ಡಬ್ಬದ ಪಕ್ಕದ ಮೊಳೆಗೆ ದಾರ ಕಟ್ಟಿ ಆ ಪುಸ್ತಕವನ್ನು ನೇತುಹಾಕಿದ್ದಳು. ನೀರು ಕುಡಿಯಲು ಬಂದವರೆಲ್ಲ ಒಂದು ಪುಟ ಓದಿ ನಕ್ಕು ಹೋಗುತ್ತಿದ್ದರು. ಟೈಪಿಸ್ಟ್ ಒಬ್ಬಳು ಬರೆದಿದ್ದಳು: "ಮನೆಯಲ್ಲಿ ಕೂತು ಕಚೇರಿಯ ಕಂಪ್ಯೂಟರಿಗೆ ಶಟ್ ಡೌನ್ ಒತ್ತಿದೆ. ಅದು ಮಲಗಿತು, ಎಬ್ಬಿಸಲು ಅಲ್ಲಿ ಯಾರೂ ಇರಲಿಲ್ಲ. ಇನ್ನು ಮುಂದೆ ಸೈನ್ ಔಟ್ ಮಾತ್ರ." ಮ್ಯಾನೇಜರು ಕೂಡ ಒಂದು ಪುಟಕ್ಕೆ ಒಡೆಯರಾಗಿದ್ದರು. ಕ್ಯಾಪ್ಸ್ ಲಾಕ್ ಹಾಕಿಕೊಂಡೇ ಏಳು ಸಲ ಪಾಸ್‌ವರ್ಡ್ ಒತ್ತಿ, ಯಂತ್ರವೇ ಅವರನ್ನು ಹೊರಗಟ್ಟಿತ್ತು. ಮೊದಲ ಪುಟ ಬರೆದು ಹನ್ನೊಂದು ವರ್ಷ ಕಳೆದಿತ್ತು, ಪುಸ್ತಕ ಮುಕ್ಕಾಲು ತುಂಬಿತ್ತು. ಮೊದಲ ಪುಟ ಬಿಟ್ಟರೆ ಲೈನಕ್ಕನ ಹೆಸರು ಎಲ್ಲೂ ಇರಲಿಲ್ಲ. ಆ ವಿಷಯದಲ್ಲಿ ಅವಳಿಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು, ಯಾಕೆ ಮುಚ್ಚಿಡಬೇಕು.

ಆ ಕಚೇರಿಯ ಮುಖ್ಯ ಕೆಲಸ ಊರಿನ ನೆಲದಡಿಯ ನೀರಿನ ಪೈಪುಗಳ ನಕ್ಷೆ ಬರೆಯುವುದು. ಬರೆಯುವವರಲ್ಲಿ ಹಿರಿಯರು ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ. ಬಂದ ಹೊಸಬರಿಗೆಲ್ಲ ಗೆರೆ ಎಳೆಯಲು ಕಲಿಸಿದ್ದರಿಂದ ಆ ಹೆಸರು. ಯಾವ ಬೀದಿಯ ಕೆಳಗೆ ಯಾವ ಪೈಪು ಎಲ್ಲಿ ತಿರುಗುತ್ತದೆ ಎಂಬುದು ಅವರಿಗೆ ತಮ್ಮ ಅಂಗೈಯಷ್ಟು ಪರಿಚಿತ. ಆ ವರ್ಷ ಅವರ ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆಯಾಯಿತು. ಅರ್ಧ ಗಂಟೆಗಿಂತ ಹೆಚ್ಚು ಕೂರುವಂತಿಲ್ಲ, ಬಸ್ಸಿನ ಕುಲುಕಾಟವಂತೂ ಆಗದ ಮಾತು. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು, ಅರ್ಧ ಮುಗಿದ ದೊಡ್ಡ ನಕ್ಷೆ ಅವರ ಕಂಪ್ಯೂಟರಿನಲ್ಲಿತ್ತು.

ಮ್ಯಾನೇಜರು ಕೆಟ್ಟವರಲ್ಲ, ಆದರೆ ಕಣ್ಣಿಗೆ ಕಾಣದ ಕೆಲಸವನ್ನು ನಂಬುವ ಜಾತಿಯವರೂ ಅಲ್ಲ. "ಮನೆಯಿಂದ್ಲೇ ಮಾಡ್ತೀರಾ? ಸರಿ. ಮೂರು ವಾರ ನೋಡ್ತೀನಿ. ಕೆಲ್ಸ ನಡೆದ್ರೆ ನಡೀಲಿ. ಇಲ್ಲಾಂದ್ರೆ ಆ ಕುರ್ಚಿಗೆ ಬೇರೆಯವರನ್ನ ಹಾಕ್ತೀನಿ, ಬೇಜಾರು ಮಾಡ್ಕೋಬಾರ್ದು" ಎಂದಿದ್ದರು.

ಲೈನಕ್ಕ ಮೇಷ್ಟ್ರ ಮನೆಗೆ ಹೋಗಿ, ಹಾಸಿಗೆಗೆ ಅಡ್ಡಲಾಗಿ ಒಂದು ಹಲಗೆ ಕೂರಿಸಿ, ಅವರು ಮಲಗಿದಂತೆಯೇ ಕಾಣುವ ಹಾಗೆ ಲ್ಯಾಪ್‌ಟಾಪ್ ಇಟ್ಟು ಬಂದಳು. ಕಚೇರಿಯಲ್ಲಿರುವ ಅವರ ಕಂಪ್ಯೂಟರಿಗೆ ಒಂದು ಖಾಯಂ ನಂಬರು ಕೊಟ್ಟಳು. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಮನೆ ಬಾಗಿಲಿನ ಹಾಗೆ ಒಂದು ನಂಬರು ಬೇಕು, ಇಲ್ಲದಿದ್ದರೆ ಹೊರಗಿನಿಂದ ಬಂದವರು ಯಾವ ಬಾಗಿಲು ತಟ್ಟಬೇಕು? ಪುಸ್ತಕದ ಕೊನೆಯ ಪುಟಗಳಲ್ಲಿ ನಂಬರುಗಳ ಪಟ್ಟಿ ಇತ್ತು. ಅದರಲ್ಲಿ ಖಾಲಿ ಇದ್ದ ಐವತ್ತೇಳನ್ನು ಮೇಷ್ಟ್ರಿಗೆ ಬರೆದಳು.

ಮೊದಲ ವಾರ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ಮೇಷ್ಟ್ರು ಮಲಗಿದಲ್ಲಿಂದಲೇ ಎರಡು ಬೀದಿ ಮುಗಿಸಿದರು. ಎರಡನೆಯ ವಾರ ಶುರುವಾಯಿತು ನೋಡಿ ಕಾಟ. ಒಂದು ದಿನ ಹನ್ನೊಂದು ಗಂಟೆಗೆ, ಇನ್ನೊಂದು ದಿನ ಮೂರೂವರೆಗೆ, ಮತ್ತೊಂದು ದಿನ ಎರಡು ಹೊತ್ತೂ, ಮೇಷ್ಟ್ರ ಪರದೆ ನಿಂತುಹೋಗುತ್ತಿತ್ತು. ಎರಡು ಗಂಟೆಯೋ ಮೂರು ಗಂಟೆಯೋ ಕಳೆದ ಮೇಲೆ ತನ್ನಷ್ಟಕ್ಕೆ ತಾನೇ ಬರುತ್ತಿತ್ತು.

ಲೈನಕ್ಕ ಬಿಡುವವಳೇ? ಮೇಷ್ಟ್ರ ಮನೆಯ ಮೋಡೆಮ್ ಬದಲಾಯಿಸಿದಳು. ಕಚೇರಿಯ ಕೇಬಲ್ ಕಿತ್ತು ಹೊಸದು ಹಾಕಿದಳು. ಕಂಪ್ಯೂಟರು ನಿದ್ದೆ ಹೋಗದಂತೆ ಮಾಡಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತೇ ಹೊರತು ಕಾಟ ನಿಲ್ಲಲಿಲ್ಲ. ಪ್ರತಿ ಸಲವೂ ತನ್ನ ಯಂತ್ರದಿಂದ ಐವತ್ತೇಳನ್ನು ಕೂಗಿ ನೋಡುತ್ತಿದ್ದಳು. ಅದನ್ನು ಪಿಂಗ್ ಎನ್ನುತ್ತಾರೆ. ಈ ಕಡೆಯಿಂದ "ಇದ್ದೀಯಾ?" ಎಂದರೆ ಆ ಕಡೆಯಿಂದ "ಇದ್ದೀನಿ" ಎಂದು ಕ್ಷಣಕ್ಕೊಂದು ಸಾಲು ಉತ್ತರ ಬರಬೇಕು. ಬರುತ್ತಿತ್ತು. ಮೇಷ್ಟ್ರ ಪರದೆ ಸತ್ತಿರುವಾಗಲೂ ಸಾಲು ಸಾಲಾಗಿ ಉತ್ತರ ಬರುತ್ತಿತ್ತು. ಮ್ಯಾನೇಜರು ಕೇಳಿದಾಗ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, "ಲೈನ್ ಇದೆ ಸಾರ್. ಉತ್ತರ ಬರ್ತಿದೆ."

ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವಳಿಗೆ ಹೊಳೆಯಲಿಲ್ಲ. ಮ್ಯಾನೇಜರಿಗೆ ಹೊಳೆದದ್ದು ಸೀದಾ ಲೆಕ್ಕ. ಲೈನಕ್ಕ ಲೈನ್ ಇದೆ ಎಂದರೆ ಲೈನ್ ಇದೆ. ಇದ್ದ ಮೇಲೆ ಕೆಲಸ ಮಾಡದವರು ಮೇಷ್ಟ್ರು. ಒಂದು ಹಾಳೆಯಲ್ಲಿ ಮೇಷ್ಟ್ರು ಕಾಣದ ಗಂಟೆಗಳನ್ನೆಲ್ಲ ಬರೆದಿಟ್ಟರು, ಹತ್ತೊಂಬತ್ತು ಗಂಟೆ. ಇನ್ನು ಮುಂದೆ ದಿನವೂ ಕಚೇರಿಗೆ ಬರಬೇಕು, ಇಲ್ಲವೇ ಕುರ್ಚಿ ಬಿಡಬೇಕು ಎಂಬ ಕಾಗದ ಟೈಪಾಯಿತು, ಶುಕ್ರವಾರದ ತಾರೀಖು ಬಿತ್ತು. ಕಚೇರಿಯಲ್ಲಿ ಗೋಡೆಗೂ ಕಿವಿ, ನೀರಿನ ಡಬ್ಬಕ್ಕೂ ಬಾಯಿ. "ಮೇಷ್ಟ್ರು ಚೆನ್ನಾಗಿ ನಿದ್ದೆ ಹೊಡೀತಿದಾರಂತೆ" ಎಂಬ ಮಾತು ಮೂರನೇ ಮಹಡಿಯಿಂದ ಹೊರಟು ಮೇಷ್ಟ್ರ ಹಾಸಿಗೆಯನ್ನೇ ಮುಟ್ಟಿತು.

ಬುಧವಾರ ಸಂಜೆ ಅವರು ಫೋನ್ ಮಾಡಿದರು. ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದು. "ಲೈನಕ್ಕ, ನಂಗೆ ಕುರ್ಚಿ ಹೋದ್ರೆ ಹೋಗ್ಲಿ. ಮೂವತ್ತೆರಡು ವರ್ಷ ಗೆರೆ ಎಳೆದಿದ್ದೀನಿ, ಒಂದೇ ಒಂದು ಗೆರೆ ಕಳ್ಳಗೆರೆ ಅಂತ ಯಾರೂ ಅಂದಿರ್ಲಿಲ್ಲ. ನೀನೂ ಹಾಗೇ ಅಂದ್ಕೊಂಡಿದ್ಯಾ?"

"ಇಲ್ಲ ಮೇಷ್ಟ್ರೇ" ಎಂದಳು. ಎಂದ ಮೇಲೆ ಅವಳಿಗೇ ತನ್ನ ದನಿ ಇಷ್ಟವಾಗಲಿಲ್ಲ. ದನಿ ಗುರುತಿಸಿಯೇ ಅನ್ನ ತಿಂದವಳು ಅವಳು. ಅದರಲ್ಲಿ ಒಂದು ಎಳೆ ಅನುಮಾನ ಇತ್ತು.

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ನಡೆದದ್ದನ್ನೆಲ್ಲ ಹೇಳಿದಳು. ತಟ್ಟೆಯನ್ನೇ ನೋಡುತ್ತಾ ಕೂತ ಸೊಸೆಗೆ ಅತ್ತೆ, "ಕಳೆದ ಸೂಜೀನ ಕಳೆದ ಕಡೆ ಕೂತು ಹುಡುಕ್ಬೇಕು. ನೀನು ನಿನ್ನ ಕೋಣೇಲಿ ಕೂತು ಮೇಷ್ಟ್ರ ಮನೆ ಸೂಜಿ ಹುಡುಕಿದ್ರೆ ಸಿಗುತ್ತಾ?" ಎಂದರು. ಅತ್ತೆಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಆದರೂ ಆ ಮನೆಯಲ್ಲಿ ಅರ್ಧ ರಿಪೇರಿ ಅವರ ನಾಲಗೆಯಿಂದಲೇ ಆಗುತ್ತಿತ್ತು.

ಗುರುವಾರ ಬೆಳಿಗ್ಗೆ ಲೈನಕ್ಕ ತನ್ನ ಕೋಣೆಗೆ ಬೀಗ ಹಾಕಿ, ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಕಚೇರಿಯಲ್ಲಿದ್ದ ಮೇಷ್ಟ್ರ ಖಾಲಿ ಕುರ್ಚಿಯಲ್ಲಿ ಕೂತಳು. ಪಿಂಗ್ ಹಾಕಿದಳು. ಕ್ಷಣಕ್ಕೊಂದು ಸಾಲು. ಮೇಷ್ಟ್ರು ಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಅವಳು ಕಣ್ಣು ಕೀಳದೆ ಸಾಲುಗಳನ್ನು ನೋಡುತ್ತಾ ಕೂತಳು, ಹತ್ತು ಗಂಟೆಯಾಯಿತು, ಹತ್ತೂವರೆಯಾಯಿತು. ಇಷ್ಟು ವರ್ಷ ಅವಳು ಪಿಂಗ್ ಸಾಲಿನ ಆರಂಭವನ್ನಷ್ಟೇ ನೋಡುತ್ತಿದ್ದಳು. ಉತ್ತರ ಬಂತೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಇವತ್ತು ಮಾಡಲು ಬೇರೆ ಕೆಲಸವಿಲ್ಲದೆ ಸಾಲಿನ ಕೊನೆಯನ್ನೂ ಓದುತ್ತಿದ್ದಳು. ಪ್ರತಿ ಸಾಲಿನ ಕೊನೆಯಲ್ಲಿ ಒಂದೇ ಸಂಖ್ಯೆ, ನೂರಿಪ್ಪತ್ತೆಂಟು.

ಹನ್ನೊಂದು ಹತ್ತಕ್ಕೆ ಮರದ ತಡಿಕೆಯ ಆಚೆಯಿಂದ ಘುರ್ ಎಂದು ಒಂದು ಸದ್ದು ಬಂತು. ಅರ್ಧ ನಿಮಿಷಕ್ಕೆ ಫೋನು. "ಹೋಯ್ತಮ್ಮಾ" ಎಂದರು ಮೇಷ್ಟ್ರು.

ಅವಳ ಪರದೆಯಲ್ಲಿ ಉತ್ತರಗಳು ನಿಲ್ಲದೆ ಬರುತ್ತಿದ್ದವು. ಇದ್ದೀನಿ, ಇದ್ದೀನಿ, ಇದ್ದೀನಿ. ಆದರೆ ಸಾಲಿನ ಕೊನೆಯಲ್ಲಿ ಈಗ ಅರವತ್ತನಾಲ್ಕು.

ಲೈನಕ್ಕ ಕುರ್ಚಿಯಿಂದ ಎದ್ದಳು. ಉತ್ತರ ಕೊಡುತ್ತಿರುವವರು ಬೇರೆ! ಮೇಷ್ಟ್ರ ಕಂಪ್ಯೂಟರಿನ ಥರದ ಯಂತ್ರಗಳು ನೂರಿಪ್ಪತ್ತೆಂಟು ಎನ್ನುತ್ತವೆ, ಪ್ರಿಂಟರ್ ಥರದವು ಅರವತ್ತನಾಲ್ಕು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗಾಜಿನ ಗೂಡಿನಲ್ಲಿ ಕೂತಿದ್ದಾಗ ಅಣ್ಣನ ಫೋನನ್ನು ತಮ್ಮ ಎತ್ತಿದರೂ ಒಂದು "ಹಲೋ"ಗೆ ಹಿಡಿದುಬಿಡುತ್ತಿದ್ದವಳು, ಇಲ್ಲಿ ಒಂದು ವಾರ ಇನ್ನಾರದೋ ದನಿಯನ್ನು ಕೇಳಿ "ಮೇಷ್ಟ್ರು ಇದ್ದಾರೆ" ಎಂದು ಊರಿಗೆಲ್ಲ ಸಾರಿದ್ದಳು.

ತಡಿಕೆಯ ಆಚೆ ಹೋಗಿ ನೋಡಿದಳು. ನಕ್ಷೆ ಅಚ್ಚು ಹಾಕುವ ದೊಡ್ಡ ಪ್ರಿಂಟರು, ಮಂಚದಷ್ಟು ಅಗಲ, ಆಗತಾನೆ ಎದ್ದು ಬೆಚ್ಚಗಾಗುತ್ತಿತ್ತು. ಬೇಕಾದಾಗ ಮಾತ್ರ ಅದನ್ನು ಹಚ್ಚುತ್ತಿದ್ದರು, ಕೆಲಸ ಮುಗಿದೊಡನೆ ಆರಿಸುತ್ತಿದ್ದರು. ಗುಂಡಿ ಒತ್ತಿ ಅದರ ನಂಬರು ನೋಡಿದಳು. ಐವತ್ತೇಳು.

ಎಲ್ಲ ನೆನಪಾಯಿತು. ಆರು ತಿಂಗಳ ಹಿಂದೆ ಆ ಪ್ರಿಂಟರು ಕೆಟ್ಟು ರಿಪೇರಿಗೆ ಹೋಗಿತ್ತು. ಇನ್ನದು ಬರುವುದಿಲ್ಲ ಎಂದು ಎಲ್ಲರೂ ಹೇಳಿದ್ದಕ್ಕೆ, ಪಟ್ಟಿಯಲ್ಲಿ ಅದರ ನಂಬರನ್ನು ಹೊಡೆದುಹಾಕಿದ್ದು ಅವಳೇ. ಐವತ್ತೇಳನ್ನು ಕೂಗಿ, ಯಾರೂ ಓಗೊಡಲಿಲ್ಲವೆಂದು ಮನೆ ಖಾಲಿ ಎಂದುಕೊಂಡು ಮೇಷ್ಟ್ರಿಗೆ ಬೀಗದ ಕೈ ಕೊಟ್ಟದ್ದೂ ಅವಳೇ. ಎರಡನೆಯ ವಾರದ ಮೊದಲ ದಿನ ಇಬ್ಬರು ಆಳುಗಳು ಅದನ್ನು ಹೊತ್ತು ತಂದಾಗ, ಬಾಗಿಲು ಹಿಡಿದು "ಹುಷಾರು, ಹುಷಾರು" ಎಂದು ಒಳಗೆ ಬರಮಾಡಿಕೊಂಡದ್ದೂ ಅವಳೇ! ಅದು ಹಳೆಯ ನಂಬರನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂದಿತ್ತು. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರಾದರೆ ಅಂಚೆಯವನು ತಾನೇ ಏನು ಮಾಡಿಯಾನು? ದೀಪದ ಬುಡದಲ್ಲೇ ಕತ್ತಲೆ.

ಪ್ರಿಂಟರಿಗೆ ತೊಂಬತ್ತೊಂದು ಎಂಬ ಹೊಸ ನಂಬರು ಕೊಡಲು, ಅದರ ಗಿರಾಕಿಗಳ ಯಂತ್ರಗಳಿಗೆ ಆ ಸುದ್ದಿ ಮುಟ್ಟಿಸಲು ಹತ್ತು ನಿಮಿಷ ಹಿಡಿಯಿತು. "ಬಂತಮ್ಮಾ!" ಎಂದರು ಮೇಷ್ಟ್ರು ಫೋನಿನಲ್ಲಿ. "ಏನಾಗಿತ್ತು?"

"ಆಮೇಲೆ ಹೇಳ್ತೀನಿ" ಎಂದಳು.

ಯಾರೂ ನೋಡಿರಲಿಲ್ಲ. "ಏನೋ ಸಣ್ಣ ತೊಂದ್ರೆ, ಸರಿಮಾಡ್ದೆ" ಎಂದರೆ ಕಚೇರಿ ಅಷ್ಟಕ್ಕೇ ತೃಪ್ತಿಪಡುತ್ತಿತ್ತು. ಅವಳು ಹೋಗಿ ಒಂದು ಲೋಟ ನೀರು ಕುಡಿದಳು. ಎದುರಿಗೆ ಮೊಳೆಯಲ್ಲಿ ಪುಸ್ತಕ. ಹನ್ನೊಂದು ವರ್ಷದ ಜಂಬ ಅಷ್ಟು ಸುಲಭಕ್ಕೆ ಗಂಟಲಿನಿಂದ ಇಳಿಯುವಂಥದ್ದಲ್ಲ. ಇನ್ನೊಂದು ಲೋಟ ಕುಡಿದಳು. ಆಮೇಲೆ ದಾರ ಬಿಚ್ಚಿ, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮ್ಯಾನೇಜರ ಕೋಣೆಗೆ ಹೋದಳು.

ಪೂರ್ತಿ ಕೇಳಿದ ಮೇಲೆ ಮ್ಯಾನೇಜರು ಪೆನ್ನಿಗೆ ಮುಚ್ಚಳ ಹಾಕಿದರು. ಟೈಪಾದ ಕಾಗದ ಅವರ ಮುಂದೆಯೇ ಇತ್ತು.

"ಸರಿ ಹೋಯ್ತಲ್ಲ, ಬಿಡಿ. ಈ ಕಾಗದ ನಾನು ಹರಿದು ಹಾಕ್ತೀನಿ. ಅದನ್ನ ಪುಸ್ತಕದಲ್ಲಿ ಬರೀಲೇಬೇಕಾ? ನಿಮ್ಗೆ ನಂಗೆ ಗೊತ್ತಾದ್ರೆ ಸಾಕಲ್ವಾ? ನಿಮ್ಮ ಮಾತು ನಂಬಿ ನಾನೂ ಒಂದಿಷ್ಟು ಅಂದುಬಿಟ್ಟಿದ್ದೀನಿ."

"ಅದಕ್ಕೇ ಬರೀಬೇಕು ಸಾರ್" ಎಂದಳು ಲೈನಕ್ಕ. "ಮೇಷ್ಟ್ರು ನಿದ್ದೆ ಹೊಡೀತಾರೆ ಅನ್ನೋದು ಮೂರು ಮಹಡೀಗೂ ಗೊತ್ತು. ಅವರ ಮಾನ ಬೀದೀಲಿ ಬಿದ್ದಿರೋವಾಗ ನನ್ನ ತಪ್ಪನ್ನ ಪೆಟ್ಟಿಗೇಲಿ ಇಟ್ಕೊಳ್ಳೋದು ಯಾವ ನ್ಯಾಯ?"

ಅವರ ಮೇಜಿನ ಮೂಲೆಯಲ್ಲೇ ನಿಂತು ಬರೆದಳು:

"ಮೇಷ್ಟ್ರ ಕಂಪ್ಯೂಟರಿಗೆ ಪ್ರಿಂಟರಿನ ನಂಬರು ಕೊಟ್ಟೆ, ಪ್ರಿಂಟರಿನ ಉತ್ತರವನ್ನು ಮೇಷ್ಟ್ರದ್ದೆಂದು ಸಾಧಿಸಿದೆ.

ಮೇಷ್ಟ್ರ ಹತ್ತೊಂಬತ್ತು ಗಂಟೆ ಹಾಳಾಯಿತು, ಅವರ ಪಾಲಿಗೆ ಬರಬಾರದ ಮಾತು ಬಂತು.

ಇನ್ನು ಮುಂದೆ ಉತ್ತರ ಬಂದರೆ ಸಾಲದು, ಯಾರು ಉತ್ತರ ಕೊಟ್ಟರು ಎಂದು ನೋಡುತ್ತೇನೆ."

ಮ್ಯಾನೇಜರು ಓದಿದರು, ಕಾಗದ ಹರಿದರು, ತಾವೇ ಮೇಷ್ಟ್ರಿಗೆ ಫೋನ್ ಹಚ್ಚಿದರು. ಏನು ಹೇಳಿದರೋ ಕೇಳುವುದು ತರವಲ್ಲವೆಂದು ಲೈನಕ್ಕ ಹೊರಗೆ ಬಂದಳು. ಜೀವನದಲ್ಲಿ ಅವಳು ಬೇಕೆಂದೇ ಕೇಳಿಸಿಕೊಳ್ಳದ ಫೋನು ಬಹುಶಃ ಅದೊಂದೇ.

ಪುಸ್ತಕ ಮತ್ತೆ ಮೊಳೆಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಇಡೀ ಕಚೇರಿಗೆ ಎಂದಿಲ್ಲದ ಬಾಯಾರಿಕೆ. ಒಬ್ಬೊಬ್ಬರಾಗಿ ಬಂದರು, ಓದಿದರು. ಸಾಮಾನ್ಯವಾಗಿ ನಗುವವರು ಅಂದು ನಗಲಿಲ್ಲ. ಟೈಪಿಸ್ಟ್ ಮಾತ್ರ, "ಅಕ್ಕಾ, ನಾಲ್ಕನೇ ಸಾಲು ಖಾಲಿ ಇದೆ. ಮೇಷ್ಟ್ರು ಬರೋ ಹಾಗಿಲ್ಲ, ಬರೆಯೋರ್ಯಾರು?" ಎಂದಳು. ಅದು ಲೈನಕ್ಕನಿಗೂ ತಿಳಿಯಲಿಲ್ಲ. ಪುಸ್ತಕವನ್ನು ಅವರ ಮನೆಗೆ ಒಯ್ದು ಬರೆಸುವುದೆಂದರೆ ಕ್ಷಮೆಯನ್ನು ಕುತ್ತಿಗೆ ಹಿಡಿದು ಕೇಳಿದ ಹಾಗೆ. ಆ ಮೂರು ಸಾಲನ್ನು ಫೋನಿನಲ್ಲಿ ಮೇಷ್ಟ್ರಿಗೆ ಓದಿ ಹೇಳಿದಳು. ಅವರು "ಹೂಂ" ಎಂದು ಇಟ್ಟುಬಿಟ್ಟರು. ಆ "ಹೂಂ"ನಲ್ಲಿ ಏನಿತ್ತು ಎಂದು, ಇಪ್ಪತ್ತಾರು ವರ್ಷದ ಅನುಭವವನ್ನೆಲ್ಲ ಸುರಿದರೂ ಅವಳಿಗೆ ಹೊಳೆಯಲಿಲ್ಲ.

ಶುಕ್ರವಾರ ಕಳೆಯಿತು. ಸೋಮವಾರವೂ ಮಂಗಳವಾರವೂ ಕಳೆದವು. ಮೇಷ್ಟ್ರ ಪರದೆ ಒಂದು ಕ್ಷಣವೂ ನಿಲ್ಲಲಿಲ್ಲ, ಅವರ ಫೋನೂ ಬರಲಿಲ್ಲ. ನೀರು ಕುಡಿಯಲು ಹೋದಾಗಲೆಲ್ಲ ಲೈನಕ್ಕನ ಕಣ್ಣು ಆ ಖಾಲಿ ಸಾಲಿನ ಮೇಲೇ ಬೀಳುತ್ತಿತ್ತು.

ಬುಧವಾರ ಬೆಳಿಗ್ಗೆ ಯಾರೋ ಪ್ರಿಂಟರು ಹಚ್ಚಿದ್ದೇ ತಡ, ಯಾರೂ ಕೆಲಸ ಕೊಡದೆಯೇ ಅದು ಶುರುವಿಟ್ಟುಕೊಂಡಿತು. ಗೆರೆ ಗೆರೆಯಾಗಿ ಅಗಲವಾದ ಹಾಳೆ ಹೊರಗೆ ಸರಿಯಿತು. ನೀಲಿ ಪೈಪುಗಳು, ತಿರುವುಗಳು, ಬೀದಿಗಳು, ಮೇಷ್ಟ್ರ ಅರ್ಧ ಮುಗಿದ ದೊಡ್ಡ ನಕ್ಷೆ, ಈಗ ಪೂರ್ತಿಯಾಗಿ. ಹಾಸಿಗೆಯಲ್ಲಿ ಮಲಗಿ ಅವರೇ ಕಳಿಸಿದ್ದರು. ಜನ ಸುತ್ತ ನೆರೆದರು. ಹಾಳೆಯ ಕೆಳತುದಿ ಬಂದಾಗ ಟೈಪಿಸ್ಟ್ ಬಗ್ಗಿ ನೋಡಿ, "ಅಕ್ಕಾ, ಬೇಗ ಬಾ" ಎಂದು ಕೂಗಿದಳು.

ಅಂಚಿನ ಬಿಳಿ ಜಾಗದಲ್ಲಿ ಚುಕ್ಕಿ ಗೆರೆಯ ಸಣ್ಣ ಪಟ್ಟಿಯಿತ್ತು. ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ "ಇಲ್ಲಿ ಕತ್ತರಿಸಿ" ಎಂದಿತ್ತು. ಪಟ್ಟಿಯ ಒಳಗೆ, ಮೂವತ್ತೆರಡು ವರ್ಷ ನಕ್ಷೆಗಳ ಮೇಲೆ ಬರೆದು ಪಳಗಿದ ಅದೇ ನೆಟ್ಟನೆಯ ಅಕ್ಷರಗಳಲ್ಲಿ, "ಲೈನ್ ಸರಿಹೋಯ್ತು" ಎಂದಿತ್ತು. ಅದರ ಕೆಳಗೆ, ಪೈಪಿನ ಗೆರೆಯ ಹಾಗೆಯೇ ಪರದೆಯ ಮೇಲೆ ಎಳೆದ ಮೇಷ್ಟ್ರ ಸಹಿ.

ಲೈನಕ್ಕ ಕತ್ತರಿ ತಂದು ಚುಕ್ಕಿಯ ಮೇಲೆ ಕತ್ತರಿಸಿದಳು. ಪುಸ್ತಕದ ಖಾಲಿ ಸಾಲಿನ ಮೇಲಿಟ್ಟು ನೋಡಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅಷ್ಟು ವರ್ಷ ಆ ಪುಸ್ತಕದ ಪಕ್ಕ ನಿಂತು ನೀರು ಕುಡಿದ ಮನುಷ್ಯ, ಅದರ ಸಾಲಿನ ಅಳತೆಯನ್ನು ಮಲಗಿದಲ್ಲಿಂದಲೇ ನೆನಪಿನಿಂದ ತೆಗೆದಿದ್ದರು. ಅವಳು ಅಂಟು ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

ಫೋನು ಬಡಿದುಕೊಂಡಿತು. "ಪ್ರಿಂಟ್ ಬಂತಾ ಲೈನಕ್ಕ?" ಎಂದರು ಮೇಷ್ಟ್ರು.

ಎಷ್ಟೋ ಸಾವಿರ ಜನರಿಗೆ ಲೈನ್ ಕೊಟ್ಟು ಮಾತಾಡಿಸಿದವಳಿಗೆ ಆಗ ಮಾತು ಹೊರಡಲಿಲ್ಲ. ಅಳು ಬಂದಿತ್ತು.

"ಇದ್ದೀಯಾ?" ಎಂದರು ಅವರು.

"ಇದ್ದೀನಿ ಮೇಷ್ಟ್ರೇ" ಎಂದಳು.

"ಹಾಂ, ನಿಂದೇ ದನಿ" ಎಂದು ನಕ್ಕು, ಮೇಷ್ಟ್ರು ಮುಂದಿನ ನಕ್ಷೆಯ ಮೊದಲ ಬೀದಿಯ ಅಳತೆ ಕೇಳತೊಡಗಿದರು.